ಒಬ್ಬನೇ ಎತ್ತಬಹುದಾದ ಗಾಡಿ

ಈ ಸಲ ಕೊಳೆ ಔಷಧಿ, ಕಾಳುಮೆಣಸು ಎಲ್ಲ ಬದಿಗಿಟ್ಟು ಬೈಕಿನ ಬಗ್ಗೆ ಬರೀತಿದ್ದೀನಿ. ಬೈಕು ಹುಡುಗರ ಶೋಕಿ, ಇಲ್ಲಿ ಯಾಕೆ ಅಂತ ಕೇಳಬೇಡಿ. ಗುಡ್ಡದ ಮೇಲೆ ತೋಟ ಇರೋರಿಗೆ ಕತ್ತಿ, ಗುದ್ದಲಿ ಹೇಗೋ ಬೈಕೂ ಹಾಗೇ. ನಮ್ಮ ಸುತ್ತಮುತ್ತ ಎರಡು ಮೂರು ವರ್ಷದಿಂದ ಗುಡ್ಡ ಹತ್ತೋ ಗಾಡಿ ಬೇಕು ಅಂತ ಸಾಲ ಮಾಡಿ ದೊಡ್ಡ ಬೈಕು ತಂದವರು ಏಳೆಂಟು ಜನ ಇದ್ದಾರೆ. ಇನ್ನೂ ಕೆಲವರು ಯೋಚನೆಯಲ್ಲಿದ್ದಾರೆ. ಅದರಲ್ಲಿ ಇಬ್ಬರು ನನ್ನನ್ನೇ ಕೇಳಿದ್ರು. ಫೋನಲ್ಲಿ ಅರ್ಧಂಬರ್ಧ ಹೇಳೋದಕ್ಕಿಂತ ಬರೆದು ಹಾಕೋದು ವಾಸಿ ಅನ್ನಿಸ್ತು.

ಮೊದಲು ನನ್ನ ಅಗತ್ಯ ಏನು ಅಂತ ಹೇಳ್ತೀನಿ. ನಮ್ಮ ಮನೆಗೆ, ಕೊಟ್ಟಿಗೆಗೆ, ಕೆಳಗಿನ ತೋಟಕ್ಕೆ ನೀರು ಬರೋದು ಗುಡ್ಡದ ಮೇಲಿನ ಅಬ್ಬಿಯಿಂದ. ಪಂಪಿಲ್ಲ, ಕರೆಂಟಿಲ್ಲ, ಇಳಿಜಾರಿಗೆ ಪೈಪು ಎಳೆದಿದ್ದು ಅಷ್ಟೆ. ಮಳೆಗಾಲದಲ್ಲಿ ದರಗು, ಮರಳು ಬಂದು ಪೈಪಿನ ಬಾಯಿ ಕಟ್ಟುತ್ತೆ. ಜೋರು ಮಳೆ ಹೊಡೆದ ವಾರ ಎರಡು ಮೂರು ಸಲವಾದ್ರೂ ಹೋಗಿ ಬಿಡಿಸಲೇಬೇಕು. ಮನೆಯಿಂದ 4 ಕಿಲೋಮೀಟರ್. ಪಕ್ಕದಲ್ಲೇ ಎರಡೂವರೆ ಎಕರೆ ಮೇಲ್ತೋಟ ಇದೆ. ದಾರೀಲಿ ಒಂದು ಹಳ್ಳ, ಎರಡು ಉಣುಗೋಲು, ಹಾವಸೆ ಹಿಡಿದ ಜಂಬಿಟ್ಟಿಗೆ ಏರು ಒಂದು. ಹತ್ತು ವರ್ಷದ ಹಿಂದೆ ಜೊತೆಗೆ ಒಬ್ಬ ಆಳು ಸಿಗ್ತಿದ್ದ. ಈಗ ಔಷಧಿ ಹೊಡೆಯೋಕೇ ಜನ ಇಲ್ಲ, ಪೈಪು ಬಿಡಿಸೋಕೆ ಯಾರು ಬರ್ತಾರೆ?

ನನಗೀಗ 58. ಎರಡು ವರ್ಷದ ಹಿಂದೆ ಬೆನ್ನಿನ ಡಿಸ್ಕ್ ಜರುಗಿ ಒಂದೂವರೆ ತಿಂಗಳು ಮಲಗಿದ್ದೆ. ಭಾರ ಎತ್ತೋದು ಕಮ್ಮಿ ಮಾಡಿ ಅಂತ ಡಾಕ್ಟರು ಹೇಳಿದ್ದಾರೆ. ಮಗ ಬೆಂಗಳೂರಲ್ಲಿ. ಮನೇಲಿ ನಾನು, ನನ್ನ ಹೆಂಡತಿ, 84ರ ಅಮ್ಮ. "ಮೇಲ್ತೋಟ ಚೇಣಿಗೆ ಕೊಟ್ಟುಬಿಡಿ, ನೀರಿಗೆ ಬೋರು ತೆಗೆಸಿ" ಅಂತ ಹೆಂಡತಿ ಹೇಳ್ತಾಳೆ. ಅವಳ ಮಾತಲ್ಲಿ ನ್ಯಾಯ ಇದೆ. ಒಬ್ಬನೇ ಗುಡ್ಡಕ್ಕೆ ಹೋದವನು ಹೊತ್ತು ಮುಳುಗಿದರೂ ಬರಲಿಲ್ಲ ಅಂದ್ರೆ ಅವಳು ಯಾರಿಗೆ ಹೇಳಬೇಕು? ಅಲ್ಲಿ ನೆಟ್‌ವರ್ಕೂ ಇಲ್ಲ. ಅದಕ್ಕೇ ನನ್ನ ಮಟ್ಟಿಗೆ ಯಾವ ಗಾಡಿ ಅನ್ನೋದು ಶೋಕಿ ಅಲ್ಲ. ಇನ್ನೆಷ್ಟು ವರ್ಷ ಆ ತೋಟ ನಾನೇ ನೋಡ್ಕೋತೀನಿ ಅನ್ನೋ ಪ್ರಶ್ನೆ.

ಹೋದ ವರ್ಷ ಆಷಾಢದಲ್ಲಿ ಆಚೆ ಗುಡ್ಡದ ಪರಿಚಯದವರೊಬ್ಬರು ಬೈಕಿನ ಅಡಿಯಲ್ಲಿ ಸಿಕ್ಕಿಬಿದ್ರು. ಗಾಡಿ 190 ಕೆ.ಜಿ. ಆಸುಪಾಸು. ಏರಿನಲ್ಲಿ ನಿಂತುಹೋಗಿ, ಹಿಂದಕ್ಕೆ ಜಾರಿ, ಎಡಕ್ಕೆ ಮಲಗಿತು. ಕಾಲು ಅಡಿಯಲ್ಲಿ. ಎತ್ತೋಕೆ ಆಗಲಿಲ್ಲ, ಎಳ್ಕೊಳ್ಳೋಕೂ ಆಗಲಿಲ್ಲ. ಒಂದೂವರೆ ಗಂಟೆ ಆದ ಮೇಲೆ ದನ ಹುಡುಕ್ತಾ ಬಂದವರೊಬ್ಬರು ನೋಡಿದ್ರು. ಕಣಕಾಲಿನ ಮೂಳೆ ಮುರಿದಿತ್ತು. ಅವರು ಒಳ್ಳೆ ಸವಾರ, ಮೂವತ್ತು ವರ್ಷ ಗಾಡಿ ಓಡಿಸಿದವರು. ಗಾಡಿಯಲ್ಲೂ ದೋಷ ಇರಲಿಲ್ಲ. ಆ ಜಾಗಕ್ಕೆ ಅಷ್ಟು ಭಾರ ಹೆಚ್ಚಾಯ್ತು, ಅಷ್ಟೇ.

ಇನ್ನು ವಿಷಯಕ್ಕೆ ಬರ್ತೀನಿ. ನನ್ನ ತಂಗಿ ಮಗ ಬೆಂಗಳೂರಲ್ಲಿ ಕೆಲಸ ಮಾಡ್ತಾನೆ, ಮಣ್ಣಿನ ಬೈಕಿನ ಹುಚ್ಚು. ಅವನ ಗೆಳೆಯನ ಹತ್ರ ಹೊರದೇಶದಿಂದ ತರಿಸಿದ ಟ್ರಯಲ್ಸ್ ಬೈಕು ಒಂದಿದೆ. ಹೋದ ನವೆಂಬರಲ್ಲಿ ಮಳೆ ನಿಂತ ಮೇಲೆ ಪಿಕಪ್ಪಲ್ಲಿ ಹಾಕ್ಕೊಂಡು ಬಂದ್ರು. "ಮಾವ, ಇದರಲ್ಲಿ ಇಡೀ ದಿನ ಗುಡ್ಡ ಸುತ್ತಬಹುದಾ ಅಂತ ನೋಡಬೇಕು, ನಿಮ್ಮ ತೋಟದಲ್ಲಿ ಜಾಗ ಕೊಡಿ" ಅಂದ. ಕೊಟ್ಟೆ.

ಟ್ರಯಲ್ಸ್ ಅಂದ್ರೆ ರೇಸಲ್ಲ. ಬಂಡೆ, ಹಳ್ಳ, ಕೆಸರು, ಬಿದ್ದ ಮರದ ದಿಮ್ಮಿ ಇರೋ ಕಡೆ ಗುರುತು ಹಾಕಿದ ಒಂದಿಷ್ಟು ದೂರ ಕಾಲು ನೆಲಕ್ಕೆ ತಾಗಿಸದೆ ದಾಟಬೇಕು. ಒಂದು ಸಲ ಕಾಲಿಟ್ಟರೆ ಒಂದು ಅಂಕ, ಬಿದ್ದರೆ ಐದು. ಕಡಿಮೆ ಅಂಕ ಬಂದವನು ಗೆದ್ದ. ವೇಗಕ್ಕೆ ಬೆಲೆ ಇಲ್ಲ, ಮನುಷ್ಯ ನಡೆಯೋ ವೇಗದಲ್ಲೇ ಎಲ್ಲ ಕೆಲಸ. ಎಂಡ್ಯೂರೋ ಬೇರೆ. ಅದು ಗಡಿಯಾರ ಇಟ್ಟುಕೊಂಡು ಕಾಡುದಾರೀಲಿ ಬಹಳ ದೂರ ಓಡಿಸೋ ಆಟ.

ಗಾಡಿಗಳೂ ಹಾಗೇ ಬೇರೆ ಬೇರೆ. ಎಂಡ್ಯೂರೋ ಗಾಡಿ 100ರಿಂದ 110 ಕೆ.ಜಿ., ಟ್ಯಾಂಕಿಗೆ ಎಂಟೊಂಬತ್ತು ಲೀಟರ್ ಹಿಡಿಯುತ್ತೆ, ಶಾಕ್ ಸುಮಾರು 30 ಸೆಂ.ಮೀ. ಕುಗ್ಗುತ್ತೆ. ಟ್ರಯಲ್ಸ್ ಗಾಡಿ 70 ಕೆ.ಜಿ. ಆಸುಪಾಸು, ಅಂದ್ರೆ ಒಂದೂವರೆ ಚೀಲ ಗೊಬ್ಬರ. ಸೀಟೇ ಇಲ್ಲ, ನಿಂತೇ ಓಡಿಸಬೇಕು. ಟ್ಯಾಂಕಿಗೆ ಎರಡು ಮೂರು ಲೀಟರ್. ಶಾಕ್ ಕುಗ್ಗೋದು 17 ಸೆಂ.ಮೀ. ಹತ್ತಿರ. ಹ್ಯಾಂಡಲ್ ಎಷ್ಟು ತಿರುಗುತ್ತೆ ಅಂದ್ರೆ ಎರಡು ಅಡಿಕೆ ಮರದ ನಡುವೆ ಸುತ್ತಿಸಿಕೊಂಡು ವಾಪಸ್ ಬರಬಹುದು. ಇಂಜಿನ್ನಿನ ಫ್ಲೈವೀಲ್ ಭಾರ, ಅದಕ್ಕೇ ಐಡಲ್‌ನಲ್ಲೇ ಏರು ಹತ್ತಿದರೂ ಪಕ್ಕನೆ ನಿಲ್ಲಲ್ಲ. ಕೆಳಗಿನ ಗೇರುಗಳೆಲ್ಲ ಹತ್ತಿರ ಹತ್ತಿರ, ಮೇಲಿನ ಒಂದೆರಡು ಮಾತ್ರ ರಸ್ತೆಯಲ್ಲಿ ಸಾಗೋಕೆ. ಟೈರಿಗೆ ಗಾಳಿ ನಾಲ್ಕರಿಂದ ಆರು ಪಾಯಿಂಟ್ ಅಷ್ಟೇ. ಬೆರಳಲ್ಲಿ ಒತ್ತಿದರೆ ಅಮುಕುತ್ತೆ.

ಆ ಗಾಡಿಗೆ ನಂಬರ್ ಪ್ಲೇಟ್ ಇಲ್ಲ, ಸಾರ್ವಜನಿಕ ರಸ್ತೆಗೆ ಇಳಿಸೋ ಹಾಗಿಲ್ಲ. ಅದಕ್ಕೆ ನಮ್ಮ ತೋಟ, ಭಾವನ ತೋಟ, ನಡುವಿನ ಸ್ವಂತ ಅಕೇಶಿಯಾ ಗುಡ್ಡ ಸೇರಿಸಿ 6 ಕಿಲೋಮೀಟರಿನ ಒಂದು ಸುತ್ತು ಮಾಡಿದ್ವಿ. ಒಂಬತ್ತು ಸುತ್ತು ಹೊಡೆದರೆ 54 ಕಿ.ಮೀ., ಗುಡ್ಡದಲ್ಲಿ ಅದು ಒಂದು ದಿನದ ಸವಾರಿಯೇ. ಟ್ರಯಲ್ಸ್ ಗಾಡಿಗೆ ಅಳಿಯ, ಅವನ ಗೆಳೆಯನ ಎಕ್ಸ್‌ಪಲ್ಸ್ 200 ಒಂದು, ನನ್ನ ಹಳೇ ಸ್ಪ್ಲೆಂಡರ್ ಒಂದು. ಎಕ್ಸ್‌ಪಲ್ಸ್ 160 ಕೆ.ಜಿ. ಹತ್ತಿರ, ಸ್ಪ್ಲೆಂಡರ್ 112ರ ಹತ್ತಿರ. ನಾನು ಹೊಡೆದಿದ್ದು ನಾಲ್ಕೇ ಸುತ್ತು, ಬೆನ್ನು ನೋಡಿಕೊಂಡು.

ಕಂಡಿದ್ದನ್ನ ಕಂಡ ಹಾಗೆ ಹೇಳ್ತೀನಿ.

ಹಳ್ಳ ದಾಟಿ ಮೇಲೆ ಹತ್ತೋ ಜಾಗದಲ್ಲಿ ಟ್ರಯಲ್ಸ್ ಗಾಡಿಗೆ ಸಾಟಿ ಇಲ್ಲ. ಮೊಣಕಾಲೆತ್ತರದ ಕಲ್ಲನ್ನ ಬೆಕ್ಕು ಗೋಡೆ ಹತ್ತಿದ ಹಾಗೆ ಹತ್ತಿತು. ಎಕ್ಸ್‌ಪಲ್ಸ್ ಅದೇ ಜಾಗದಲ್ಲಿ ಮೂರು ಸಲ ನಿಂತಿತು, ಎರಡು ಸಲ ಇಬ್ಬರು ಸೇರಿ ತಳ್ಳಬೇಕಾಯ್ತು. ಆದ್ರೆ ಗದ್ದೆ ಏರಿಯಿಂದ ಅಕೇಶಿಯಾ ಗುಡ್ಡದವರೆಗೆ ಒಂದೂವರೆ ಕಿಲೋಮೀಟರ್ ಸಪಾಟು ಮಣ್ಣು ರಸ್ತೆ ಇದೆ ನೋಡಿ, ಅಲ್ಲಿ ಲೆಕ್ಕ ಉಲ್ಟಾ. ಎಕ್ಸ್‌ಪಲ್ಸಿನವನು ಆರಾಮಾಗಿ ಕೂತು ಹೊರಟುಹೋದ. ಟ್ರಯಲ್ಸ್ ಗಾಡಿ ವೇಗ ಹಿಡಿದ ಕೂಡಲೇ ಮುಂದಿನ ಚಕ್ರ ಅತ್ತಿತ್ತ ಆಡೋಕೆ ಶುರು, ಕಮ್ಮಿ ಗಾಳಿ ಟೈರು ತೇಲಾಡುತ್ತೆ, ಗುಂಡಿಗೆ ಬಿದ್ದರೆ ಶಾಕ್ ತಳ ಮುಟ್ಟುತ್ತೆ. ಹೊಂದಾಣಿಕೆಯೆಲ್ಲ ನಿಧಾನದ ಕೆಲಸಕ್ಕೆ ಮಾಡಿದ್ದು, ಓಡು ಅಂದ್ರೆ ಎಲ್ಲಿಂದ ಓಡುತ್ತೆ?

ಪೆಟ್ರೋಲು ಆರನೇ ಸುತ್ತು ಮುಗಿಸೋ ಹೊತ್ತಿಗೆ ಖಾಲಿ. 36 ಕಿಲೋಮೀಟರಿಗೆ ಎರಡೂವರೆ ಲೀಟರ್. ಟೂ ಸ್ಟ್ರೋಕ್ ಗಾಡಿ, ಆಯಿಲ್ ಬೆರೆಸಿದ ಪೆಟ್ರೋಲ್ ಬೇಕು. ಅಳಿಯ ಬೆನ್ನಿನ ಚೀಲದಲ್ಲಿ ಒಂದೂವರೆ ಲೀಟರಿನ ಕ್ಯಾನ್ ಇಟ್ಟಿದ್ದ. ಅವನ ತೊಡೆ ಏಳನೇ ಸುತ್ತಿಗೆ ಸೋತುಹೋಯ್ತು. 29 ವರ್ಷದ ಹುಡುಗ, ಇಳಿದು ಕಲ್ಲಿನ ಮೇಲೆ ಕೂತ. "ಮಾವ, ಗಾಡಿ ಸೋತಿಲ್ಲ, ನಾನು ಸೋತೆ" ಅಂದ. ಕೂರೋಕೆ ಜಾಗ ಇಲ್ಲದ ಗಾಡೀಲಿ ಬರೀ ಸಪಾಟು ದಾರಿಯೂ ದಣಿವೇ. ಹಾಗೂ ಹೀಗೂ ಒಂಬತ್ತು ಸುತ್ತು ಮುಗಿಸಿದ.

ನಾನು ಬಹಳ ಹೊತ್ತು ಯೋಚನೆ ಮಾಡಿದ್ದು ಬೇರೆ ಒಂದು ವಿಷಯ. ಮೂರನೇ ಸುತ್ತಲ್ಲಿ ಅವನು ಜಂಬಿಟ್ಟಿಗೆ ಏರಿನಲ್ಲಿ ಬಿದ್ದ. ನಾನು ಹಿಂದೆ ಇದ್ದೆ. ನಾನು ಇಳಿದು ಹತ್ತಿರ ಹೋಗೋದರೊಳಗೆ ಅವನು ಹ್ಯಾಂಡಲ್ ಹಿಡಿದು ಗಾಡಿಯನ್ನ ನೆಲದ ಮೇಲೇ ಸರಕ್ಕನೆ ತಿರುಗಿಸಿ, ಚಕ್ರ ಇಳಿಜಾರಿನ ಕಡೆಗೆ ಮಾಡಿ, ಎತ್ತಿ ನಿಲ್ಲಿಸಿ ಆಗಿತ್ತು. ಸಂಜೆ ನಾನೂ ಅಂಗಳದಲ್ಲಿ ಮಲಗಿಸಿ ಎತ್ತಿ ನೋಡಿದೆ. ಬೆನ್ನಿಗೆ ಏನೂ ಅನ್ನಿಸಲಿಲ್ಲ. ಆಮೇಲೆ ಎಕ್ಸ್‌ಪಲ್ಸ್ ಎತ್ತೋಕೆ ಹೋದೆ, ಅರ್ಧಕ್ಕೆ ಬಿಟ್ಟೆ. ನನ್ನ ಸ್ಪ್ಲೆಂಡರ್ ಎತ್ತಿದೆ, ಸ್ವಲ್ಪ ಮುಕ್ಕಿರಿಯಬೇಕು, ಆದ್ರೆ ಬಂತು. ಹೆಂಡತಿ ಜಗಲಿಯಿಂದ ನೋಡ್ತಿದ್ದಳು. ಏನೂ ಹೇಳಲಿಲ್ಲ.

ಟ್ರಯಲ್ಸ್ ಗಾಡೀಲಿ ದೂರ ಹೋಗೋದು ಹೊಸ ಹುಚ್ಚೇನಲ್ಲ. ಸ್ಕಾಟ್ಲೆಂಡಿನಲ್ಲಿ ಪ್ರತಿ ವರ್ಷ ಮೇ ತಿಂಗಳಲ್ಲಿ ಆರು ದಿನದ ಟ್ರಯಲ್ಸ್ ನಡೆಯುತ್ತೆ, ಫೋರ್ಟ್ ವಿಲಿಯಂ ಅನ್ನೋ ಊರಿಂದ. ದಿನಕ್ಕೆ 100 ಮೈಲಿವರೆಗೂ ರಸ್ತೆ, ಜೌಗು, ಗುಡ್ಡ ಹಾಯ್ದು ಹೋಗಿ, ನಡುವೆ ಬಂಡೆ ಹಳ್ಳಗಳಲ್ಲಿ ಪರೀಕ್ಷೆ ಕೊಟ್ಟು ವಾಪಸ್ ಬರಬೇಕು. ನಮ್ಮ ಬುಲೆಟ್ಟಿಗೂ ಅದಕ್ಕೂ ನಂಟಿದೆ. 1955ರಲ್ಲಿ ಮದ್ರಾಸಲ್ಲಿ ಬುಲೆಟ್ ಮಾಡೋಕೆ ಶುರು ಮಾಡೋ ಮುಂಚೆಯೇ ಇಂಗ್ಲೆಂಡಿನಲ್ಲಿ ರಾಯಲ್ ಎನ್‌ಫೀಲ್ಡ್ ಬುಲೆಟ್ ಟ್ರಯಲ್ಸಿನಲ್ಲಿ ಹೆಸರು ಮಾಡಿತ್ತು. ಜಾನಿ ಬ್ರಿಟನ್ ಅನ್ನೋ ಸವಾರ 1952ರಲ್ಲೂ 1957ರಲ್ಲೂ ಅದೇ ಆರು ದಿನದ ಸ್ಪರ್ಧೆಯನ್ನ ಬುಲೆಟ್ಟಿನಲ್ಲಿ ಗೆದ್ದ. 2019ರಲ್ಲಿ ನಮ್ಮಲ್ಲಿ ಬುಲೆಟ್ ಟ್ರಯಲ್ಸ್ ಅಂತ ಬಂತಲ್ಲ, ಸೈಲೆನ್ಸರ್ ಮೇಲಕ್ಕೆ ಎತ್ತಿದ, ಹಿಂದೆ ಕ್ಯಾರಿಯರ್ ಇದ್ದ ಗಾಡಿ, ಅದು ಆ ನೆನಪಿಗೆ ಮಾಡಿದ್ದು. ಆದ್ರೆ ಅದರ ತೂಕ 190 ಕೆ.ಜಿ. ಆಸುಪಾಸು, ನೋಡೋಕೆ ಟ್ರಯಲ್ಸ್, ಎತ್ತೋಕೆ ಬುಲೆಟ್ಟೇ.

ಬುಲೆಟ್ಟಿನ ಆ ಕಾಲ ಹೆಚ್ಚು ದಿನ ಉಳಿಯಲಿಲ್ಲ. ಸ್ಯಾಮಿ ಮಿಲ್ಲರ್ ಅನ್ನೋ ಸವಾರ 500 ಸಿಸಿಯ ಭಾರಿ ಏರಿಯಲ್ ಗಾಡಿ ಬಿಟ್ಟು, ಸ್ಪೇನಿನ ಬುಲ್ಟಾಕೋ ಕಂಪನಿ ಜೊತೆ ಸೇರಿ ಹಗುರದ 250 ಸಿಸಿ ಗಾಡಿ ತಯಾರು ಮಾಡಿ, 1965ರಲ್ಲಿ ಅದೇ ಸ್ಪರ್ಧೆ ಗೆದ್ದ. ಅದರ ಹೆಸರು ಶೆರ್ಪಾ. ಅಲ್ಲಿಂದ ಮುಂದೆ ಎಲ್ಲರೂ ಹಗುರ ಮಾಡೋ ದಾರಿ ಹಿಡಿದ್ರು. ಉದ್ದ ಸವಾರಿಗೆ ಅಂತಲೇ ಶೆರ್ಪಾಕ್ಕೆ ಸೀಟು, ದೊಡ್ಡ ಟ್ಯಾಂಕು ಹಾಕಿ ಆಲ್ಪಿನಾ ಅಂತ ಇನ್ನೊಂದು ಮಾಡಿದ್ರು. ಇತ್ತೀಚೆಗೆ ಮೊಂಟೆಸಾ ಕಂಪನಿಯೂ ಅದೇ ಥರ ಸೀಟು, ನಾಲ್ಕು ಲೀಟರ್ ಚಿಲ್ಲರೆ ಟ್ಯಾಂಕು ಇರೋ ಕೋಟಾ ಫೋರ್‌ರೈಡ್ ಅನ್ನೋ ಗಾಡಿ ತಂದಿತ್ತು. ಅಳಿಯನಿಗೆ ಬೇಕಾಗಿದ್ದು ಅಂಥದ್ದು. ಅದು ನಮ್ಮಲ್ಲಿ ಅಂಗಡೀಲಿ ಸಿಗಲ್ಲ. ಸಿಕ್ಕರೂ ನಮ್ಮ ಅಡಿಕೆ ದುಡ್ಡಿಗೆ ಎಟುಕಲ್ಲ, ಬಿಡಿ.

ಹಾಗಾದ್ರೆ ನಮಗೇನು ಸಿಕ್ತು? ಟ್ರಯಲ್ಸ್ ಗಾಡಿ ತರೋಕಾಗಲ್ಲ, ಅದರ ಬುದ್ಧಿ ತರಬಹುದು. ನಮ್ಮ ಕೆಲಸಕ್ಕೆ ಬೇಕಾದ್ದು ಶಕ್ತಿ ಅಲ್ಲ. ಕಡಿಮೆ ತೂಕ, ನಿಧಾನದ ಗೇರು, ಹಿಡಿತ, ಈ ಮೂರು ಸಾಕು. ಅದರ ಜೊತೆಗೆ ಟ್ರಯಲ್ಸಿನಲ್ಲಿ ಇಲ್ಲದ್ದು, ನಮಗೆ ಬೇಕಾದ್ದು ಎರಡು: ಕೂರೋಕೆ ಸೀಟು, ವಾರಕ್ಕಾಗೋಷ್ಟು ಪೆಟ್ರೋಲು. 100 ಸಿಸಿ ಗಾಡೀಲಿ ಆ ಎರಡೂ ಮೊದಲೇ ಇದೆ. ನನ್ನ ಸ್ಪ್ಲೆಂಡರಿಗೆ ಮಾಡಿಸಿದ್ದನ್ನ ಹೇಳ್ತೀನಿ.

ಮುಂದಿನ ಸಣ್ಣ ಸ್ಪ್ರಾಕೆಟ್ಟಿನಲ್ಲಿ ಒಂದು ಹಲ್ಲು ಕಮ್ಮಿ ಮಾಡಿಸಿದೆ. ಹದಿನಾಲ್ಕು ಹಲ್ಲಿನದು ಹದಿಮೂರಾದ್ರೆ ಗೇರು ನೂರಕ್ಕೆ 7ರಷ್ಟು ಇಳಿಯುತ್ತೆ. ಮೊದಲ ಗೇರಲ್ಲಿ ಕ್ಲಚ್ ಅರೆಬರೆ ಹಿಡಿಯದೆ ಏರು ಹತ್ತುತ್ತೆ, ಕ್ಲಚ್ ಪ್ಲೇಟ್ ಉಳಿಯುತ್ತೆ. ಪೇಟೆ ರಸ್ತೇಲಿ ಇಂಜಿನ್ ಸ್ವಲ್ಪ ಕೂಗುತ್ತೆ, ಅಷ್ಟೆ. ಚೈನ್ ಸೆಟ್ ಸೇರಿ 1,250.

ಹಿಂದಿನ ಟೈರು ಗಟ್ಟಿ ಕಟ್ಟೆ ಇರೋದು ಹಾಕಿಸಿದೆ, 2,100. ಗಾಳಿ ಗುಡ್ಡಕ್ಕೆ ಹೋಗುವಾಗ ಹಿಂದೆ ಮುಂದೆ ಎರಡಕ್ಕೂ 16 ಪಾಯಿಂಟ್. ಟ್ರಯಲ್ಸಿನ ಹಾಗೆ ಐದು ಆರಕ್ಕೆ ಇಳಿಸಬೇಡಿ. ನಮ್ಮದು ಟ್ಯೂಬ್ ಟೈರು. ಗಾಳಿ ತೀರಾ ಕಮ್ಮಿ ಆದ್ರೆ ಟೈರು ರಿಮ್ಮಿನ ಮೇಲೆ ತಿರುಗಿ ಟ್ಯೂಬಿನ ವಾಲ್ವ್ ಕಿತ್ತು ಬರುತ್ತೆ. ರಸ್ತೆಗೆ ಇಳಿದ ಮೇಲೆ ಮತ್ತೆ ತುಂಬಿಸಬೇಕು. ಸೈಕಲ್ ಪಂಪು ಸೀಟಿನ ಪಕ್ಕ ಕಟ್ಟಿಕೊಂಡಿರ್ತೀನಿ.

ಇಂಜಿನ್ ಅಡಿಗೆ ಕಬ್ಬಿಣದ ತಗಡು, ನಮ್ಮ ವೆಲ್ಡಿಂಗಿನವರ ಹತ್ರ, 800. ಬ್ರೇಕು, ಕ್ಲಚ್ ಲಿವರಿಗೆ ಕೈಗಾವಲು 450. ಲಿವರ್ ಹಿಡಿಯೋ ಬೋಲ್ಟ್ ಪೂರ್ತಿ ಬಿಗಿ ಮಾಡಲ್ಲ. ಬಿದ್ದಾಗ ಲಿವರ್ ತಿರುಗಬೇಕು, ಮುರೀಬಾರದು. ಕೈಯಲ್ಲಿ ಬಲವಾಗಿ ತಿರುವಿದ್ರೆ ಮಾತ್ರ ಸರಿಯೋಷ್ಟು ಇರಲಿ, ಸಡಿಲ ಬೇಡ. ಒಟ್ಟು 4,600 ರೂಪಾಯಿ.

ಓಡಿಸೋ ರೀತೀಲಿ ಅಳಿಯನಿಂದ ಕಲಿತಿದ್ದು ಮೂರು. ಕೆಟ್ಟ ಜಾಗದಲ್ಲಿ ಫುಟ್‌ರೆಸ್ಟ್ ಮೇಲೆ ನಿಲ್ಲಬೇಕು, ಮೊಣಕಾಲು ಸ್ವಲ್ಪ ಬಾಗಿಸಿ. ಪೆಟ್ಟು ಬೆನ್ನಿಗೆ ಬರಲ್ಲ, ಕಾಲಿಗೆ ಹೋಗುತ್ತೆ. ಡಿಸ್ಕ್ ತೊಂದರೆ ಇರೋರು ಇದನ್ನ ಗಮನಿಸಿ. ಎರಡನೇದು, ಏರಲ್ಲಿ ಹಿಂದಿನ ಚಕ್ರ ತಿರುಗಿ ಮಣ್ಣು ಎರಚೋಕೆ ಶುರುವಾದ್ರೆ ಆಕ್ಸಿಲರೇಟರ್ ಬಿಡಬೇಕು, ಹೆಚ್ಚು ಮಾಡಬಾರದು. ಚಕ್ರ ಕೆತ್ತಿದ ಗೆರೇಲಿ ಮಳೆ ನೀರು ಹರಿದು ಒಂದು ಮಳೆಗಾಲಕ್ಕೆ ದಾರಿ ಕಾಲುವೆ ಆಗುತ್ತೆ. ನಮ್ಮ ದಾರಿ ರಿಪೇರಿ ಮಾಡೋರು ನಾವೇ ತಾನೆ? ಮೂರನೇದು, ಬಿದ್ದ ಗಾಡಿಯನ್ನ ಇದ್ದ ಹಾಗೇ ಎತ್ತೋಕೆ ಹೋಗಬಾರದು. ಮೊದಲು ಎಳೆದು ಚಕ್ರ ಎರಡೂ ಇಳಿಜಾರಿನ ಕಡೆ, ಹ್ಯಾಂಡಲ್ ಏರಿನ ಕಡೆ ಬರೋ ಹಾಗೆ ಮಾಡ್ಕೊಳ್ಳಿ. ಗೇರಲ್ಲಿ ಹಾಕಿ, ಏರಿನ ಕಡೆ ನಿಂತು ಎತ್ತಿ. ಅರ್ಧ ಭಾರ ಇಳಿದ ಹಾಗಿರುತ್ತೆ. ಇದು ಹಗುರ ಗಾಡೀಲಿ ಮಾತ್ರ ಒಬ್ಬರಿಗೆ ಸಾಧ್ಯ.

ಬೇರೆ ಗಾಡಿ ಇರೋರಿಗೆ: ಟಿವಿಎಸ್ ಎಕ್ಸ್‌ಎಲ್ ತೂಕದಲ್ಲಿ 90 ಕೆ.ಜಿ. ಒಳಗೆ, ಹೆಚ್ಚೂ ಕಮ್ಮಿ ಟ್ರಯಲ್ಸಿನ ಹತ್ತಿರ. ಸಪಾಟು ತೋಟಕ್ಕೆ ಅದಕ್ಕಿಂತ ಒಳ್ಳೇದಿಲ್ಲ. ಆದ್ರೆ ಗೇರಿಲ್ಲ, ಉದ್ದ ಏರಲ್ಲಿ ಭಾರ ಹೇರಿದ್ರೆ ಕ್ಲಚ್ ಕಾಯುತ್ತೆ. 2011ರಲ್ಲಿ ಬಂದಿದ್ದ ಹೀರೋ ಇಂಪಲ್ಸ್ ಹಳೇದು ಚೆನ್ನಾಗಿರೋದು ಸಿಕ್ಕರೆ ತಗೊಳ್ಳಬಹುದು, 134 ಕೆ.ಜಿ., ಬಿಡಿಭಾಗ ಸಿಗುತ್ತಾ ಅಂತ ಮೊದಲು ವಿಚಾರಿಸಿ. ಎಕ್ಸ್‌ಪಲ್ಸ್ ಒಳ್ಳೆ ಗಾಡಿ, ದೂರ ಹೋಗೋರಿಗೆ, ಹರೆಯದವರಿಗೆ. ಇಬ್ಬರು ಒಟ್ಟಿಗೆ ಹೋಗೋದಾದ್ರೆ ಸರಿ.

ಇನ್ನೊಂದು ಮಾತು ಹುಡುಗರಿಗೆ. ನಮ್ಮ ತೋಟದ ದಾರಿ ಮುಗಿದ ಮೇಲೆ ಮೀಸಲು ಅರಣ್ಯ. ಅಲ್ಲಿಗೆ ಅನುಮತಿ ಇಲ್ಲದೆ ಗಾಡಿ ನುಗ್ಗಿಸೋದು ಅಪರಾಧ. ಕೇಸು ನಿಮ್ಮ ಮೇಲಾದ್ರೂ, ಆಮೇಲೆ ಅಬ್ಬಿ ನೀರಿಗೆ ಹೋಗೋ ನಮ್ಮಂಥವರನ್ನೂ ತಡೆದು ಕೇಳ್ತಾರೆ. ಸೈಲೆನ್ಸರ್ ಕೊಯ್ಸಬೇಡಿ. ಟ್ರಯಲ್ಸ್ ಗಾಡಿ ನಮ್ಮ ಕೊಟ್ಟಿಗೆ ಪಕ್ಕದಲ್ಲೇ ಹೋದ್ರೂ ಕರು ತಲೆ ಎತ್ತಲಿಲ್ಲ, ಅಷ್ಟು ಮೆತ್ತಗೆ ಇತ್ತು.

ಈ ಮಳೆಗಾಲದ ಲೆಕ್ಕ ಗೋಡೆ ಕ್ಯಾಲೆಂಡರಿನಲ್ಲಿ ಬರೆದಿಟ್ಟಿದ್ದೆ. ಜೂನಿಂದ ಸೆಪ್ಟೆಂಬರ್ ಕೊನೆವರೆಗೆ 31 ಸಲ ಮೇಲೆ ಹೋಗಿದ್ದೀನಿ. ಐದು ಸಲ ಗಾಡಿ ಮಲಗಿದೆ, ಐದೂ ಸಲ ನಾನೇ ಎತ್ತಿದ್ದೀನಿ. ಮೂರು ದಿನ ಮಳೆ ಜಾಸ್ತಿ ಅಂತ ಹಳ್ಳದ ಹತ್ರ ಗಾಡಿ ನಿಲ್ಲಿಸಿ ಸಂಕ ದಾಟಿ ನಡೆದು ಹೋದೆ. ಹೊರಡುವಾಗ ಎಷ್ಟು ಗಂಟೆಗೆ ವಾಪಸ್ ಅಂತ ಹೆಂಡತಿಗೆ ಹೇಳಿ ಹೋಗೋದು, ಆ ಹೊತ್ತು ದಾಟಿ ಅರ್ಧ ಗಂಟೆ ಆದ್ರೆ ಅವಳು ಭಾವನಿಗೆ ಫೋನ್ ಮಾಡೋದು, ಇದು ನಮ್ಮ ಒಪ್ಪಂದ. ಒಂದು ಸಲ ಫೋನ್ ಹೋಯ್ತು. ಭಾವ ಅರ್ಧ ದಾರಿ ಬಂದಿದ್ದ, ನಾನು ಎದುರು ಸಿಕ್ಕೆ. ಬೈದ. ಬೈಸಿಕೊಂಡೆ.

ಮೇಲ್ತೋಟ ಈ ವರ್ಷ ಚೇಣಿಗೆ ಹೋಗಿಲ್ಲ. ಮುಂದಿನ ವರ್ಷದ ಮಾತು ಮುಂದಿನ ವರ್ಷ. ಸ್ಪ್ಲೆಂಡರ್ ಎತ್ತೋಕೆ ಆಗದ ದಿನ ಬಂದ್ರೆ ಬೋರಿನ ವಿಷಯ ನಾನೇ ತೆಗೀತೀನಿ ಅಂತ ಮನೇಲಿ ಹೇಳಿದ್ದೀನಿ.

ಗಾಡಿ ತಗೊಳ್ಳೋ ಯೋಚನೆ ಇರೋರು ಶೋರೂಮಿನ ಟೈಲ್ಸ್ ಮೇಲೆ ನೋಡಿ ತೀರ್ಮಾನ ಮಾಡಬೇಡಿ. ಅಂಥದ್ದೇ ಗಾಡಿ ಇರೋ ಪರಿಚಯದವರನ್ನ ಕೇಳಿ, ನಿಮ್ಮ ದಾರಿಯ ಅತಿ ಕೆಟ್ಟ ಜಾಗಕ್ಕೆ ತಗೊಂಡು ಹೋಗಿ, ಮೆಲ್ಲಗೆ ಮಲಗಿಸಿ, ಒಬ್ಬರೇ ಎತ್ತಿ ನೋಡಿ. ಬಂದ್ರೆ ತಗೊಳ್ಳಿ. ನನ್ನ ಗಾಡಿ ನೋಡಬೇಕು ಅನ್ನೋರು ಭಾನುವಾರ ಬೆಳಿಗ್ಗೆ ಬನ್ನಿ, ಕಾಫಿ ಕುಡಿದು ಒಂದು ಸುತ್ತು ಹೋಗಿ ಬರೋಣ. ಇಂಬಳಕ್ಕೆ ಸುಣ್ಣ ಮರೀಬೇಡಿ.